ಈರುಳ್ಳಿ ಶೆಡ್ಡಿನ ಪತ್ತೇದಾರಿಣಿ

ನ್ಯೂಜಿಲೆಂಡಿನ ಪುಕೆಕೊಹೆಯ ಪ್ಯಾಕಿಂಗ್ ಶೆಡ್ಡಿನಲ್ಲಿ ನನ್ನ ಪಕ್ಕ ನಿಂತು ಈರುಳ್ಳಿ ಆರಿಸುತ್ತಿದ್ದ ಹುಬ್ಬಳ್ಳಿಯ ಆಂಟಿಯ ಏಪ್ರನ್ ಜೇಬಿನಲ್ಲಿ ಸದಾ ಒಂದು ಲೈಬ್ರರಿ ಪುಸ್ತಕ ಇರುತ್ತಿತ್ತು. ಆಫ್ರಿಕಾದ ಖಾಸಗಿ ಪತ್ತೇದಾರಿಣಿಯೊಬ್ಬಳ ಕಥೆಗಳು. "ಆಕಿ ಯಾರ ಮ್ಯಾಲೂ ಒದರಂಗಿಲ್ಲ ನೋಡು. ಮೊದ್ಲ ಚಾ, ಆಮ್ಯಾಲ ಮಾತು" ಎನ್ನುತ್ತಾ ಕನ್ನಡಕ ಒರೆಸುತ್ತಿದ್ದರು.

ನಾನು ಓದಲು ಬಂದ ಹೊಸತು. ಪರಿಚಯದ ಅಕ್ಕನೊಬ್ಬರ ಮನೆಗೆ ಈದ್ ಊಟಕ್ಕೆ ಹೋಗಿ, ಕೊನೆಗೆ ಪಾತ್ರೆಯನ್ನೆಲ್ಲ ತೊಳೆದಿಟ್ಟು ಬಂದೆ. ಮರುದಿನ ಅಕ್ಕನ ಉಂಗುರ ಕಾಣಲಿಲ್ಲ. "ಪಾತ್ರೆ ತೊಳೆದವರೇ ಹೇಳಲಿ" ಎಂದು ಅವರು ಆಂಟಿಯೂ ಇದ್ದ ವಾಟ್ಸಾಪ್ ಗುಂಪಿನಲ್ಲಿ ಬರೆದರು.

ಆಂಟಿ ನನ್ನನ್ನು ಏನೂ ಕೇಳಲಿಲ್ಲ. ಅಕ್ಕನ ಮನೆಗೆ ಹೋಗಿ, ಚಹಾ ಕುಡಿದು, ಅಂದು ಕೈಯಿಂದ ಏನೇನು ಕಲೆಸಿದಿರಿ ಎಂದಷ್ಟೇ ವಿಚಾರಿಸಿದರು. ಕಬಾಬಿನ ಖೀಮಾ ಕಲೆಸುವ ಮುಂಚೆ ಉಂಗುರ ತೆಗೆದು ಖಾಲಿ ಐಸ್‌ಕ್ರೀಮ್ ಡಬ್ಬಿಯಲ್ಲಿ ಹಾಕಿದ್ದು ಅಕ್ಕನಿಗೆ ಆಗ ನೆನಪಾಯಿತು. ಉಳಿದ ಬಿರಿಯಾನಿಯನ್ನು ಮನೆಮನೆಗೆ ಕಟ್ಟಿಕೊಟ್ಟಿದ್ದೂ ಅಂಥ ಡಬ್ಬಿಗಳಲ್ಲೇ. ಆಂಟಿ ಎಲ್ಲರಿಗೂ ಫೋನ್ ಮಾಡಿದರು. ಯಾರದೋ ಫ್ರೀಜರಿನಲ್ಲಿದ್ದ ಬಿರಿಯಾನಿಯ ತಳದಲ್ಲಿ ಉಂಗುರ ಸಿಕ್ಕಿತು.

"ನನ್ನನ್ನ ಯಾಕೆ ಏನೂ ಕೇಳ್ಲಿಲ್ಲ, ಆಂಟಿ?" ಎಂದೆ.

"ನಾ ಹುಡುಕಿದ್ದು ಉಂಗುರ, ತಂಗಿ. ಕಳ್ಳರನ್ನಲ್ಲ."

ಭಾನುವಾರ ನಾನು ಆಂಟಿಯ ಮನೆಯಲ್ಲಿದ್ದಾಗ, ಅಂಥದೇ ಐಸ್‌ಕ್ರೀಮ್ ಡಬ್ಬಿಯ ತುಂಬ ಬಿಸಿ ಬಿರಿಯಾನಿ ಹಿಡಿದು ಅಕ್ಕ ಬಂದರು. ನನ್ನನ್ನು ಕಂಡು ಬಾಗಿಲಲ್ಲೇ ನಿಂತರು. ಅವರು ಬಾಯಿ ತೆರೆಯುವ ಮೊದಲೇ ಆಂಟಿ ಚಹಾಕ್ಕಿಟ್ಟರು. ಮೊದಲ ಕಪ್ಪನ್ನು ನನ್ನ ಕೈಗಿತ್ತು, "ಹೋಗು, ನೀನ ಕೊಡು ಆಕಿಗೆ" ಅಂದರು.

ಕೊಟ್ಟೆ.