ತೊಟ್ಟು ಬಿಡಿಸುವ ಪಡಸಾಲೆ ಮತ್ತು ವಿಮೆ

ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಅಪ್ಪ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿ ಓದಿಸಿದ. ಹಾವೇರಿಯಲ್ಲಿ ಬಿ.ಎ. ಮಾಡಿದೆ, ರಾಣೆಬೆನ್ನೂರಿನ ಶಾಲೆಯೊಂದರಲ್ಲಿ ನಿವೃತ್ತಿಯಾಗುವವರೆಗೆ ಪಾಠ ಹೇಳಿದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಪುಕ್ಕಟೆ ಸಿಕ್ಕಿದ್ದಲ್ಲ ಅದು. ಮದುವೆಯಾಗಲಿಲ್ಲ. ಅಪ್ಪ, ಅವ್ವ ತೀರಿಕೊಂಡ ಮೇಲೆ ಬ್ಯಾಡಗಿಯಲ್ಲೇ ಅವರ ಜಾಗದಲ್ಲಿ ಕಟ್ಟಿಸಿದ ಸಿಮೆಂಟಿನ ಮನೆಯಲ್ಲಿ ಒಬ್ಬಳೇ ಇದ್ದೇನೆ.

ಹಗಲು ಮಾತ್ರ ಒಬ್ಬಳೇ ಇರುತ್ತಿರಲಿಲ್ಲ. ನಮ್ಮ ಓಣಿಯ ಹೆಂಗಸರು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸದವರು. ವ್ಯಾಪಾರಿಗಳು ಕೋಲ್ಡ್ ಸ್ಟೋರೇಜಿನಿಂದ ತೆಗೆಸಿದ ಚೀಲಗಳನ್ನು ತಂದು ಇಳಿಸುತ್ತಾರೆ, ತೊಟ್ಟು ಬಿಡಿಸಿದ ಕಾಯಿಯನ್ನು ತಿರುಗಿ ಒಯ್ಯುತ್ತಾರೆ. ನಾನು ನಿವೃತ್ತಳಾದ ಮರುವಾರವೇ ಎದುರುಮನೆಯ ಮುದುಕಿ ಬಾಗಿಲಲ್ಲಿ ನಿಂತು ಕೇಳಿದಳು:

"ಅಕ್ಕೋರ, ಇಷ್ಟು ದೊಡ್ಡ ಪಡಸಾಲ್ಯಾಗ ಒಬ್ಬಾಕೀನ ಕಬಡ್ಡಿ ಆಡ್ತೀರೇನ್ರಿ?"

ಅಂದಿನಿಂದ ಏಳೆಂಟು ಮಂದಿ ನನ್ನ ಪಡಸಾಲೆಯಲ್ಲೇ ಕೂತು ಕೆಲಸ ಮಾಡತೊಡಗಿದರು. ಮೂರು ವರ್ಷ ಹಾಗೆ ನಡೆಯಿತು. ಘಾಟಿಗೆ ಸೀನುತ್ತಲೇ ನಾನೂ ಅವರ ಜೊತೆ ತೊಟ್ಟು ಮುರಿಯುತ್ತಿದ್ದೆ. ನನ್ನ ಕೈ ನಿಧಾನ. "ಅಕ್ಕೋರು ಒಂದೊಂದು ಕಾಯಿಗೂ ಹಾಜರಿ ಹಾಕ್ತಾರ ನೋಡ್ರಿ" ಎಂದು ಮುದುಕಿ ನಗಿಸುತ್ತಿದ್ದಳು.

ನಮ್ಮ ಓಣಿಗೆ ಹಳೆಯ ಡಾಂಬರಿನ ಮೇಲೆಯೇ ಹೊಸ ಡಾಂಬರು ಸುರಿಯುತ್ತ ಬಂದು, ನನ್ನ ಮನೆ ಈಗ ರಸ್ತೆಗಿಂತ ಎರಡು ಮೆಟ್ಟಿಲು ಕೆಳಗಿದೆ. ಕಳೆದ ಮಳೆಗಾಲ ಹಳ್ಳ ತುಂಬಿ ಮೊಣಕಾಲುದ್ದ ನೀರು ಒಳಗೆ ಬಂತು. ಹೆಂಗಸರು ಮೊದಲು ನನ್ನ ಪುಸ್ತಕಗಳನ್ನು ಅಟ್ಟಕ್ಕೆ ಏರಿಸಿದರು, ಆಮೇಲೆ ತಮ್ಮ ಚೀಲಗಳನ್ನು. ನೀರು ಇಳಿದಾಗ ಹಿಂದಿನ ಗೋಡೆ ಬಿರಿದಿತ್ತು. ಇದ್ದುದನ್ನೆಲ್ಲ ಈ ಮನೆಗೇ ಹಾಕಿದ್ದೆ. ಅದು ಕುಸಿದರೆ ಇನ್ನೊಮ್ಮೆ ಕಟ್ಟಿಸುವ ಶಕ್ತಿ ನನಗಿಲ್ಲ, ಹೋಗಿ ಇರಲು ಬೇರೆ ಮನೆಯೂ ಇಲ್ಲ.

ರಾಣೆಬೆನ್ನೂರಿನಲ್ಲಿ ವಿಮೆ ಏಜೆಂಟನಾಗಿರುವ ನನ್ನ ಹಳೆಯ ವಿದ್ಯಾರ್ಥಿಯನ್ನು ಕರೆಸಿದೆ.

"ನೆರಿ ವಿಮಾ ಅಂತ ಬ್ಯಾರೆ ಇರಂಗಿಲ್ರಿ ಅಕ್ಕೋರ. ಮನಿಗೆ ಬೆಂಕಿ ವಿಮಾ ಮಾಡಸ್ತೀವಲ್ಲ, ನೆರಿ ಅದರಾಗ ಬರ್ತದ" ಎಂದ. ನಾನು ಮನೆಯ ಬೆಲೆಗೆ ಜಾಗದ ಬೆಲೆಯನ್ನೂ ಕೂಡಿಸಿದ್ದೆ. ಅವನು ನಕ್ಕ. "ಜಾಗಾ ಎಲ್ಲಿ ತೇಲಿ ಹೋಗ್ತದರಿ? ಮನಿ ಮತ್ತ ಕಟ್ಟಾಕ ಎಷ್ಟು ಬೇಕೋ ಅಷ್ಟ ಬರೀರಿ."

ಆಮೇಲೆ ಸಾಮಾನಿನ ಪಟ್ಟಿ. ಮಂಚ ಒಂದು, ಬೀರು ಒಂದು, ಫ್ರಿಜ್ಜು, ಪುಸ್ತಕ. ಅವನ ಪೆನ್ನು ಕಾಯುತ್ತಿತ್ತು.

"ಅಷ್ಟೇನ್ರಿ?"

"ಅಷ್ಟ."

ಅವನು ತಂದಿದ್ದು ಎರಡು ಕಂಪನಿಗಳ ಕಾಗದ, ಎರಡೂ ಇಂಗ್ಲಿಷಿನವು. ನಿಘಂಟು ಪಕ್ಕಕ್ಕಿಟ್ಟುಕೊಂಡು ಮೂರು ದಿನ ಓದಿದೆ. ಒಂದರಲ್ಲಿ ಗೋಡೆ, ಚಾವಣಿಗೆ ಮಾತ್ರ ಪರಿಹಾರ. ಇನ್ನೊಂದರಲ್ಲಿ ಒಳಗಿನ ಸಾಮಾನಿಗೂ ಇತ್ತು, ಬಿದ್ದ ಮಣ್ಣು ಕಲ್ಲು ತೆಗೆಸುವ ಖರ್ಚಿಗೂ ಇತ್ತು. ಎರಡನೆಯದನ್ನು ಆರಿಸಿದೆ. ಅದರ ಅರ್ಜಿಯ ಕೊನೆಯ ಹಾಳೆಯಲ್ಲಿ ಒಂದು ಪ್ರಶ್ನೆ: ಮನೆಯಲ್ಲಿ ಯಾವುದಾದರೂ ವ್ಯಾಪಾರ, ಉದ್ಯೋಗ ನಡೆಯುತ್ತದೆಯೇ?

"ಇಲ್ಲ ಅಂತ ಬರೀರಿ" ಎಂದ ಏಜೆಂಟ. "ಹೆಣ್ಮಕ್ಕಳು ಕುಂತು ಹರಟಿ ಹೊಡಿಯೂದು ಯಾವ ಧಂದೇರಿ?"

"ಚೀಲಾ ಯಾರವು?"

"ಸಾವ್ಕಾರವು."

"ಹಂಗಾದ್ರ ಧಂದೇನ ಆತಲ್ಲಪಾ."

"ಯಾರ್ ಬಂದು ನೋಡ್ತಾರ್ರಿ?"

"ನೀರು ಬಂದ ಮ್ಯಾಲ ಲುಕ್ಸಾನ ಲೆಕ್ಕಾ ಹಾಕಾಕ ಕಂಪನಿ ಸರ್ವೇಯರ್ ಬರ್ತಾನಲ್ಲ, ಅವ ನೋಡ್ತಾನ. ಕಾಯಿ ಧೂಳಿಗೆ ಗ್ವಾಡಿ ಹೆಂಗ ಕೆಂಪಗ ಆಗೇತಿ ನೋಡು."

ಅವನು ಕಚೇರಿಗೆ ಫೋನ್ ಮಾಡಿದ. ಇದು ವಾಸದ ಮನೆಗೆ ಮಾತ್ರ ಕೊಡುವ ವಿಮೆ, ಬೇರೆಯವರ ಸರಕು ತಂದಿಟ್ಟು ಕೆಲಸ ಮಾಡಿಸುವ ಜಾಗಕ್ಕಲ್ಲ ಎಂದರಂತೆ. ಸುಳ್ಳು ಬರೆದದ್ದು ತಿಳಿದರೆ ಪರಿಹಾರವೂ ಇಲ್ಲ. ಅಪ್ಪ ಜೀವನವಿಡೀ ಹೆಬ್ಬೆಟ್ಟು ಒತ್ತಿದವನು. ಏನು ಬರೆದಿದೆ ಎಂದು ಗೊತ್ತಿಲ್ಲದೆ ಒತ್ತಿದವನು. ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಳ್ಳಿನ ಕೆಳಗೆ ಸಹಿ ಹಾಕಲು ಕೈ ಏಳಲಿಲ್ಲ.

ಇನ್ನು ಮೇಲೆ ಇಲ್ಲಿ ಚೀಲ ಇಳಿಸುವುದು ಬೇಡ ಎಂದು ಮರುದಿನ ಹೆಂಗಸರಿಗೆ ಹೇಳಿದೆ. ನಾನು ಹೇಳಿದ ರೀತಿಯೂ ಸರಿಯಿರಲಿಲ್ಲ. ತರಗತಿಯಲ್ಲಿ ಸೂಚನೆ ಓದಿದಂತೆ, ನಿಂತುಕೊಂಡು ಹೇಳಿದೆ. ಮುದುಕಿ ಕೈಯಲ್ಲಿದ್ದ ಕಾಯಿಯನ್ನು ರಾಶಿಗೆ ಹಾಕಿದಳು.

"ನೀರು ಬಂದಾಗ ನಾವು ಬೇಕಾದ್ವಿ, ಕಾಗದಾ ಬಂದಾಗ ಬ್ಯಾಡಾದ್ವಿ. ಇರ್ಲಿ ಬಿಡ್ರಿ. ನಿಮ್ಮ ಮನಿ ನಿಮಗ ಉಳೀಲಿ."

ಸಂಜೆಯೊಳಗೆ ಚೀಲಗಳು ಹಿಂದಿನ ಓಣಿಯ ತಗಡಿನ ಶೆಡ್ಡಿಗೆ ಹೋದವು. ಬಿರುಕು ಮುಚ್ಚಿಸಿದೆ, ಗೋಡೆಗೆ ಸುಣ್ಣ ಬಳಿಸಿದೆ. ಅರ್ಜಿಯಲ್ಲಿ 'ಇಲ್ಲ' ಎಂದು ಬರೆದು ಸಹಿ ಹಾಕಿದೆ. ಈಗ ಅದು ನಿಜವಾಗಿತ್ತು. ಪಾಲಿಸಿ ಬಂತು. ಸುಮಾರು ಒಂದು ತಿಂಗಳು ಮನೆಯಲ್ಲಿ ಘಾಟು ಇತ್ತು, ಆಮೇಲೆ ಅದೂ ಹೋಯಿತು. ಸೀನು ನಿಂತಿತು. ದಿನವಿಡೀ ಫ್ರಿಜ್ಜಿನ ಸದ್ದು ಕೇಳುತ್ತದೆ.

ಈ ವರ್ಷದ ಮೊದಲ ಮಳೆ ಬಿದ್ದ ದಿನ ಒಂದು ಪೊಟ್ಟಣ ಚುರಮರಿ ಕಟ್ಟಿಸಿಕೊಂಡು ಆ ಶೆಡ್ಡಿಗೆ ಹೋದೆ. ಹೊರಗಿನಿಂದಲೇ ನಗು ಕೇಳಿಸಿತು. ಯಾರದೋ ಅಳಿಯನ ಸುದ್ದಿ. ನಾನು ಒಳಗೆ ಕಾಲಿಟ್ಟೊಡನೆ ನಿಂತಿತು.

"ಅಕ್ಕೋರು ಬಂದ್ರು, ಕುರ್ಚಿ ತಗೊಂಬರ್ರಿ."

ಎಲ್ಲಿಂದಲೋ ಪ್ಲಾಸ್ಟಿಕ್ ಕುರ್ಚಿ ಬಂತು. ಒಬ್ಬಾಕೆ ಸೆರಗಿನಿಂದ ಒರೆಸಿದಳು. ಕೂತೆ. ಅವರೆಲ್ಲ ಕೆಳಗೆ, ನಾನು ಮೇಲೆ. ಮೊಮ್ಮಗಳ ಸ್ಕಾಲರ್‌ಶಿಪ್ಪಿಗೆ ಯಾವ ಕಾಗದ ಬೇಕೆಂದು ಒಬ್ಬಾಕೆ ಕೇಳಿದಳು, ಹೇಳಿದೆ.

"ಮನಿ ಕಾಗದಾ ಬಂತೇನ್ರಿ?" ಮುದುಕಿ ಕೇಳಿದಳು.

"ಬಂತು."

"ಚಲೋ ಆತು ಬಿಡ್ರಿ."

ಅದರಲ್ಲಿ ಕೊಂಕು ಇದೆಯೇನೋ ಎಂದು ಅವಳ ಮುಖ ನೋಡಿದೆ. ಇರಲಿಲ್ಲ. ಬೈದಿದ್ದರೆ ಅಲ್ಲೇ ಕೂತು ತಿರುಗಿ ಬೈಯಬಹುದಿತ್ತು. ಕುರ್ಚಿಯಿಂದಲೇ ಬಗ್ಗಿ ರಾಶಿಯಿಂದ ಒಂದು ಹಿಡಿ ಕಾಯಿ ಎತ್ತಿಕೊಂಡು ಮೊದಲನೆಯದರ ತೊಟ್ಟು ಮುರಿದೆ.

ಪಕ್ಕದಲ್ಲಿದ್ದವಳು ಮೆಲ್ಲಗೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಬಿಡ್ರಿ ಅಕ್ಕೋರ, ಕೈ ಉರೀತಾವ."