ಗಿರಿಜಕ್ಕನ ಫೋಟೋ ತೆಗೆದದ್ದು

ನನ್ನ ಕ್ಯಾಮರಾ ಚೀಲದಲ್ಲಿ, ಲೆನ್ಸು ಒರೆಸುವ ಬಟ್ಟೆಯ ಪಕ್ಕದಲ್ಲಿ, ಸೊಟ್ಟ ಬೀಡಿಯೊಂದಿದೆ. ಹುಬ್ಬೇರಿಸಬೇಡಿ, ನಾನು ಸೇದುವವನಲ್ಲ. ಸೇದುವವರಿಗೂ ಅದರಿಂದ ಉಪಯೋಗವಿಲ್ಲ, ಏಕೆಂದರೆ ಅದನ್ನು ಕಟ್ಟಿದವನು ನಾನೇ.

ನಮ್ಮೂರು ಬಾಯಾರಿನಲ್ಲಿ ನೆರೆಮನೆಯ ಗಿರಿಜಕ್ಕ ಮೂವತ್ತು ವರ್ಷಗಳಿಂದ ಬೀಡಿ ಕಟ್ಟುವವರು. ಎಲೆ, ಹೊಗೆಸೊಪ್ಪು ಹರಡಿದ ಮೊರ ಸದಾ ಅವರ ಮಡಿಲಲ್ಲಿ; ನಮ್ಮ ಕಡೆ ಅದಕ್ಕೆ ತಡ್ಪೆ ಎನ್ನುತ್ತೇವೆ. ಮುಂಬಯಿಯಿಂದ ರಜೆಗೆ ಬರುವ ಎರಡು ವರ್ಷದ ಮೊಮ್ಮಗ ಆ ಮಡಿಲಿಗಾಗಿ ತಡ್ಪೆಯೊಡನೆ ಜಗಳಕ್ಕಿಳಿಯುತ್ತಾನೆ. ಅಂಥವನು, ತಾಯಿ ತೋರಿಸಿದ ಅಜ್ಜಿಯ ರೇಷನ್ ಕಾರ್ಡಿನ ಫೋಟೋ ಕಂಡು ಹೆದರಿ ಮುಖ ತಿರುಗಿಸಿದನಂತೆ. ಗಿರಿಜಕ್ಕ ನಗುತ್ತಲೇ ಹೇಳಿದರು, ಆದರೆ ಕೊನೆಗೆ ದನಿ ಇಳಿಯಿತು. "ಅವನಿಗೆ ಗುರ್ತ ಸಿಕ್ಕುವ ಹಾಗಿನದ್ದೊಂದು ತೆಗೆದುಕೊಡಿ ಮಾಷ್ಟ್ರೇ."

ನಿವೃತ್ತಿಯ ಹುರುಪಿನಲ್ಲಿ ಕ್ಯಾಮರಾ ಕೊಂಡು, ನೆರಳು ಬೆಳಕಿನ ಬಗ್ಗೆ ಊರಿಗೆಲ್ಲ ಉಪನ್ಯಾಸ ಕೊಡುತ್ತಿದ್ದ ನನಗೆ ಇದು ಯಾವ ಮಹಾ ಕೆಲಸ! ಅವರು ಪಟ್ಟೆಸೀರೆ ಉಟ್ಟು, ಪೌಡರು ಹಚ್ಚಿ ಜಗಲಿಯಲ್ಲಿ ಕೂತರು. ಚಿತ್ರ ಕೆಡುತ್ತದೆಂದು ತಡ್ಪೆಯನ್ನು ನಾನೇ ಒಳಗಿಡಿಸಿದೆ. ನಲವತ್ತು ಫೋಟೋ ತೆಗೆದೆ. ನಲವತ್ತರಲ್ಲೂ ಅದೇ ಕಾರ್ಡಿನ ಹೆಂಗಸು, ಕೈಗಳೆರಡನ್ನೂ ಯಾರದೋ ಸಾಮಾನಿನಂತೆ ತೊಡೆಯ ಮೇಲಿಟ್ಟು ಕೂತಿದ್ದಳು.

ಸೋತು ಕ್ಯಾಮರಾ ಕೆಳಗಿಟ್ಟೆ. ಗಿರಿಜಕ್ಕ ತಡ್ಪೆ ತಂದು ಕೆಲಸಕ್ಕೆ ಕೂತರು; ಸಂಜೆಗೆ ಬೀಡಿ ಕೊಡಬೇಕಲ್ಲ. ನನಗೂ ಒಂದು ಎಲೆ ಕೊಟ್ಟರು. ಅರ್ಧ ಗಂಟೆ ಹೆಣಗಿ ನಾನು ಕಟ್ಟಿದ್ದನ್ನು ಎತ್ತಿ ಹಿಡಿದು, "ಎಂತ ಮಾಷ್ಟ್ರೇ ಇದು, ಬೀಡಿಯಾ, ಬಸುರಿ ಹಲ್ಲಿಯಾ?" ಎಂದು ಬಾಯ್ತುಂಬ ನಕ್ಕರು. ಆ ನಗು ನನಗೆ ಸಿಗಲಿಲ್ಲ. ಕ್ಯಾಮರಾ ನೆಲದ ಮೇಲಿತ್ತು, ನನ್ನ ಬೆರಳೆಲ್ಲ ಹೊಗೆಸೊಪ್ಪು. ಆದರೆ ಅಷ್ಟರಲ್ಲಿ, ಇಷ್ಟು ವರ್ಷ ಬೇಲಿಯಾಚೆಯಿಂದ ಕಾಣದ್ದು ಕಂಡಿತ್ತು: ಎಲೆ ಸುತ್ತುವಾಗ ಅವರು ಕೈಯನ್ನು ನೋಡುವುದೇ ಇಲ್ಲ, ಕಣ್ಣೆಲ್ಲ ಎದುರಿಗಿರುವವರ ಮೇಲೆ, ನೂಲು ಬಿಗಿಯುವಾಗ ಮಾತ್ರ ತುಟಿ ತುಸುವೇ ಎಡಕ್ಕೆ ಓರೆಯಾಗುತ್ತದೆ. ಅವರನ್ನು ನಾನು ಸರಿಯಾಗಿ ನೋಡಿದ್ದು ಅದೇ ಮೊದಲೆಂದು ನಾಚಿಕೆಯಾಯಿತು. ಕೈ ಒರೆಸಿಕೊಂಡು, ತುಟಿ ಓರೆಯಾಗುವ ಗಳಿಗೆಗೆ ಕಾದು, ಒಂದೇ ಒಂದು ಫೋಟೋ ತೆಗೆದೆ.

ಅಂದೇ ಅದನ್ನು ಮುಂಬಯಿಗೆ, ಗಿರಿಜಕ್ಕನ ಮಗಳ ಫೋನಿಗೆ ಕಳಿಸಿದೆ; ಮರುದಿನ ಅವಳ ಕರೆ ಬಂತು. ಮಗು ಮೊದಲು ಬೆರಳಿಟ್ಟದ್ದು ತಡ್ಪೆಯ ಮೇಲಂತೆ, ಮತ್ತೆ ಆ ಓರೆ ತುಟಿಯ ಮೇಲೆ. ಆಮೇಲೆ "ಅಜ್ಜಿ" ಎನ್ನುತ್ತ ಫೋನನ್ನು ನೆಲದ ಮೇಲಿಟ್ಟು, ಮೆಲ್ಲಗೆ ಅದರ ಮೇಲೆ ಕೂತುಬಿಟ್ಟಿತಂತೆ.

ಈಗ ಯಾರ ಮುಂದೆ ಚೀಲ ತೆರೆದರೂ ಮೊದಲು ಕೈಗೆ ತಾಗುವುದು ಆ ಸೊಟ್ಟ ಬೀಡಿ. ಕ್ಯಾಮರಾವನ್ನು ಅಲ್ಲೇ ಬಿಟ್ಟು, ಅವರ ಪಕ್ಕದಲ್ಲಿ ಕೂತು, ನಿಮ್ಮ ಕೆಲಸ ನನಗೂ ಸ್ವಲ್ಪ ಕಲಿಸಿ ಎನ್ನುತ್ತೇನೆ.