ಎತ್ತಿನ ಸೋಮವಾರ

ವಳಸಂಗ ಊರಿನ ಆಚೆ, ಹೊಲಗಳ ನಡುವಿನ ವಸ್ತಿಯಲ್ಲಿ ಶಿದ್ರಾಯನನ್ನು ಕೆಟ್ಟವನೆನ್ನುವವರು ಯಾರೂ ಸಿಗುವುದಿಲ್ಲ. ಕುಡಿಯುವುದಿಲ್ಲ, ಯಾರ ಬದುವನ್ನೂ ಒತ್ತುವುದಿಲ್ಲ. ವಸ್ತಿಗೆಲ್ಲ ಇರುವುದು ಅವನದೊಂದೇ ಗಾಡಿ, ಕೇಳಿದವರಿಗೆ ಇಲ್ಲವೆನ್ನುವುದಿಲ್ಲ. ಸೋಮವಾರ ಮಾತ್ರ ಕೇಳಬಾರದು. ಅದು ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ಅಪ್ಪ ಇಟ್ಟವನಲ್ಲ, ಅಜ್ಜ ಇಟ್ಟವನಲ್ಲ. ಒಳ್ಳೆಯದೇ. ನನ್ನ ಸಿಟ್ಟು ಆ ಪದ್ಧತಿಯ ಮೇಲಲ್ಲ.

ಐವತ್ತನಾಲ್ಕನೆಯ ಇಸವಿಯಲ್ಲಿ ಜಿಲ್ಲಾ ಬೋರ್ಡಿನ ಚುನಾವಣೆ ಬಂತು. ನಿಂತವರಲ್ಲಿ ದುಂಡಪ್ಪ ಒಬ್ಬನೇ, ಈ ಕಡೆಯ ಹೆರಿಗೆಗಳಿಗೆ ನರ್ಸಬಾಯಿಯೊಬ್ಬಳನ್ನು ತರಿಸುತ್ತೇನೆ ಅಂದಿದ್ದ. ಮತದಾನ ವಳಸಂಗದ ಶಾಲೆಯಲ್ಲಿ, ವಾರ ಸೋಮವಾರ. ಇದೊಂದು ದಿನವಾದರೂ ಹೂಡಿಯಾನೆಂದು ವಸ್ತಿಯ ಮುದುಕಿಯರು ಬೆಳಿಗ್ಗೆಯೇ ತೊಳೆದ ಸೀರೆ ಉಟ್ಟು ಗಾಡಿಯ ಹತ್ತಿರ ಬಂದು ಕೂತರು. ಹತ್ತಿ ಹಿಂಜುವ ಲಾಲಸಾಬ ಕೇಳಿದ:

"ಕಾಕಾ, ಗಾಡಿ ಹೂಡ್ತೀರೇನ್ರಿ?"

"ವಾರ ಮರತೀಯೇನೋ ಲಾಲ್ಯಾ? ಬಸವಣ್ಣನ ಹೆಗಲಮ್ಯಾಲ ನೊಗ ಇಡ್ಲೇನು?"

"ಹಂಗಾರ ನೀವರ ನಡಕೊಂಡ ಬರ್ರಿ."

"ನನ್ನದೊಂದು ಚೀಟಿ ಬೀಳಲಿಲ್ಲಂದ್ರ ದುಂಡಪ್ಪ ಮುಳಗತಾನೇನು? ಹೋಗು, ನನ್ನ ಪಾಲಿಂದೂ ನೀನ ಹಾಕಿ ಬಾ."

ಒಳಗಿನಿಂದ ಹೆಂಡತಿ ಸಾವಿತ್ರೆವ್ವ ಕೂಗಿದಳು: "ವಾರ ಎತ್ತಿಂದು. ನಿಮ್ಮ ಕಾಲಿಗೂ ಐತೇನ್ರಿ ಸೋಮವಾರ?"

ಎಲ್ಲರೂ ನಕ್ಕರು. ಶಿದ್ರಾಯನೂ ನಕ್ಕು, ಬೇವಿನ ನೆರಳಿಗೆ ಕಂಬಳಿ ಹಾಸಿಕೊಂಡ. ಮುದುಕಿಯರು ಮನೆಗೆ ತಿರುಗಿದರು. ಕಾಲು ಗಟ್ಟಿಯಿದ್ದವರೂ ಏಳಲಿಲ್ಲ. ಚುಚ್ಚಿ ಮಾತಾಡಿದ ಸಾವಿತ್ರೆವ್ವ ಕೂಡ ರೊಟ್ಟಿ ಬಡಿಯುತ್ತ ಕೂತಳು. ಲಾಲಸಾಬ ಮತ್ತು ಅವನ ಹೆಂಡತಿ ಮಲೀಕಾ, ಇಬ್ಬರೇ ಬಿಸಿಲಲ್ಲಿ ನಡೆದು ಹೋಗಿ ಮತ ಹಾಕಿ ಬಂದರು.

ದುಂಡಪ್ಪ ಸೋತ. ಸೋತದ್ದು ಒಂದು ಗಾಡಿ ಮಂದಿಯಷ್ಟು ಮತಗಳಿಂದ. ನರ್ಸಬಾಯಿ ಬರಲಿಲ್ಲ.

ಮರುವರ್ಷ ಮಲೀಕಾಳಿಗೆ ಹೆರಿಗೆ ನೋವು ಬಂತು. "ಕೂಸು ಅಡ್ಡ ನಿಂತೈತಿ, ನನ್ನ ಕೈಲಿ ಆಗೂದಿಲ್ಲ, ಜತ್ತಿನ ದವಾಖಾನಿಗೆ ಒಯ್ರಿ ಲಗೂನ" ಎಂದಳು ಸೂಲಗಿತ್ತಿ. ಲಾಲಸಾಬ ಓಡಿ ಬರುವಷ್ಟರಲ್ಲಿ, ಸುದ್ದಿ ಕೇಳಿದ ಶಿದ್ರಾಯ ಗಾಡಿ ಹೂಡಿಯೇ ಬಿಟ್ಟಿದ್ದ. ಎಂದೂ ಬಾರಕೋಲು ಮುಟ್ಟಿಸದವನು ಅಂದು ದಾರಿಯುದ್ದಕ್ಕೂ ಎತ್ತುಗಳನ್ನು ಹೊಡೆದ.

ಮಲೀಕಾ ಬದುಕಿ ಜತ್ತಿನ ದವಾಖಾನೆಯಲ್ಲಿ ಉಳಿದಳು. ಉಸಿರಿಲ್ಲದ ಕೂಸನ್ನು ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಲಾಲಸಾಬ ಗಾಡಿ ಹತ್ತಿದ. ದಾರಿಯಲ್ಲಿ ಶಿದ್ರಾಯ ತಡೆಯಲಾರದೆ ಅಂದ:

"ಈ ಬೋರ್ಡಿನವರ ಮನಿ ಹಾಳಾಗ್ಲಿ. ನಮ್ಮ ಕಡಿ ಒಬ್ಬ ನರ್ಸಬಾಯಿನ್ನ ಕೊಟ್ಟಿದ್ರ ಇವರ ಗಂಟೇನ ಹೋಗತಿತ್ತು?"

ಲಾಲಸಾಬ ಕೂಸಿನ ಮೇಲಿನ ಬಟ್ಟೆ ಸರಿಮಾಡಿ ಕೇಳಿದ:

"ಕಾಕಾ, ಇವತ್ತ ವಾರ ಯಾವದ್ರಿ?"

ಸೋಮವಾರ. ನೊಗ ಎತ್ತುಗಳ ಹೆಗಲ ಮೇಲೆಯೇ ಇತ್ತು. ಬೋರ್ಡಿಗೆ ಬೈಯುವುದು ನಮಗೆಲ್ಲ ಬರುತ್ತದೆ. ಆ ಬೋರ್ಡನ್ನು ಆರಿಸುವ ದಿನ ನಾವು ಬೇವಿನ ನೆರಳಲ್ಲಿ ಮಲಗಿದ್ದೆವೆಂದು ಹೇಳಲು ಬರುವುದಿಲ್ಲ.

ಶಿದ್ರಾಯ ಗಾಡಿಯಿಂದ ಇಳಿದ. ಎತ್ತಿನ ಹೆಗಲ ಮೇಲೆ ಕೈಯಿಟ್ಟುಕೊಂಡು ವಸ್ತಿಯವರೆಗೂ ನಡೆದ. ನಡುವೆ ವಳಸಂಗ ಬಂತು, ಆ ಶಾಲೆಯೂ ಬಂತು. ಅವನ ಕಾಲು ಎಲ್ಲಿಯೂ ಸೋಲಲಿಲ್ಲ.